ಸಾಂಬಾರು ಪರೀಕ್ಷೆ ಪಾಸಾದ ಸೀಟು

ನನ್ನ ಭಾವನವರ ಪ್ರಕಾರ ಈ ಪ್ರಪಂಚದಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಹೋಗುವಂಥವು, ಒರೆಸಿದರೂ ಹೋಗದಂಥವು. ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದ್ದು. ಮಧ್ಯೆ ಇನ್ನೇನೂ ಇಲ್ಲ! ಸಂಗೀತ, ರಾಜಕೀಯ, ನೆಂಟರಿಷ್ಟರು, ಹೆಂಡತಿಯ ತಂಗಿ, ಎಲ್ಲವನ್ನೂ ಅವರು ಈ ಎರಡು ಡಬ್ಬಿಗಳಲ್ಲೇ ತುಂಬಿಟ್ಟಿದ್ದಾರೆ. ನಾನು ಯಾವ ಡಬ್ಬಿಯಲ್ಲಿದ್ದೇನೆಂದು ಬೇರೆ ಹೇಳಬೇಕೆ?

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಇದನ್ನು ಬರೆಯಲು ಅಕ್ಕನ ಅಪ್ಪಣೆ ಸಿಕ್ಕಿದೆ, ಹೆಸರು ಹಾಕಲು ಸಿಕ್ಕಿಲ್ಲ. “ಬೇಕಾದ್ರೆ ಬರಿ ಮಾರಾಯ್ತಿ, ಆದ್ರೆ ಓದಿದವರಿಗೆ ಇಂಥವರೇ ಅಂತ ಗೊತ್ತಾಗ್ಬಾರ್ದು” ಎಂದಿದ್ದಾಳೆ. ಅಲ್ಲ ಅಕ್ಕಾ, ಕಾರಿನ ಸೀಟಿಗೆ ಸಾಂಬಾರು ಹೊಯ್ದು ನೋಡುವ ಮನುಷ್ಯ ಮುಂಬಯಿಯಲ್ಲಿ ನೀವಿರುವ ಇಡೀ ಮುಲುಂಡಿನಲ್ಲಿ ಇನ್ನೊಬ್ಬ ಇದ್ದಾನೆಯೇ, ಗೊತ್ತಾಗದೆ ಇರಲು?

ಈ ಒರೆಸುವ ಹುಚ್ಚಿಗೆ ಮೂಲ ಅವರ ಉದ್ಯೋಗ. ಉಡುಪಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಸಯನ್ನಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತವರು. ಅಲ್ಲಿಂದ ಸಪ್ಲಾಯರ್ ಆದರು, ಕೊನೆಗೆ ಗಲ್ಲಾದ ಮೇಲೆ ಕೂರುವ ಮ್ಯಾನೇಜರ್ ಆಗಿ ನಿವೃತ್ತರಾದರು. ಆದರೆ ಒರೆಸುವ ಬಟ್ಟೆ ಮಾತ್ರ ಅವರನ್ನು ಬಿಡಲಿಲ್ಲ. ಈಗಲೂ ಅವರ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲವೊಂದಿರುತ್ತದೆ. ಅದರೊಳಗೆ ಹಿಂಡಿದ ಒದ್ದೆ ಬಟ್ಟೆ! ಬೇರೆ ಗಂಡಸರ ಜೇಬಿನಲ್ಲಿ ಸಿಗರೇಟೋ ಸುಪಾರಿಯೋ ಸಿಕ್ಕಿದರೆ ಹೆಂಡತಿಯರು ಜಗಳ ಕಾಯುತ್ತಾರೆ. ನನ್ನ ಅಕ್ಕ ಯಾವುದಕ್ಕೆಂದು ಜಗಳ ಕಾಯಬೇಕು?

ಇನ್ನೊಂದು ಗರ್ವವೂ ಅವರಿಗುಂಟು. “ಈ ಕೈಯಿಂದ ಒಂದು ಹನಿ ಕೆಳಗೆ ಬಿದ್ದದ್ದಿಲ್ಲ, ಗೊತ್ತುಂಟಾ?” ಇದನ್ನು ಅವರು ನೆಂಟರ ಮನೆಯ ಪ್ರತಿ ಊಟದಲ್ಲೂ ಹೇಳುತ್ತಾರೆ. ಹೇಳಿದ ಮೇಲೆ ಮಾಡಿ ತೋರಿಸುತ್ತಾರೆ, ಅದೇ ಕಷ್ಟ. ಒಮ್ಮೆ ಲೋಕಲ್ ಟ್ರೇನಿನಲ್ಲಿ, ಘಾಟ್ಕೋಪರ್ ಸ್ಟೇಷನ್ನಿನ ಜನ ಒಮ್ಮೆಲೇ ಒಳನುಗ್ಗುವ ಹೊತ್ತಿಗೆ ಸರಿಯಾಗಿ ಥರ್ಮಾಸ್ ಬಿಚ್ಚಿ, ನಿಂತಲ್ಲೇ ಲೋಟದ ಅಂಚಿನ ತನಕ ಕಾಫಿ ಹೊಯ್ದು ಅಕ್ಕನಿಗೆ ಕೊಟ್ಟರು. ಎಡಗಡೆಯವನ ಮೊಣಕೈ ಪಕ್ಕೆಗೆ, ಬಲಗಡೆಯವನ ಚೀಲ ಮುಖಕ್ಕೆ. ಒಂದು ಹನಿ ಚೆಲ್ಲಲಿಲ್ಲ! ಸುತ್ತಲಿನವರು ಬಾಯಿ ಬಿಟ್ಟು ನೋಡಿದರು. ಭಾವ ಸರ್ಕಸ್ಸಿನವರ ಹಾಗೆ ಎಲ್ಲರಿಗೂ ತಲೆಬಾಗಿದರು. ನಾನು ಅವರ ಪರಿಚಯವೇ ಇಲ್ಲದವಳಂತೆ ಕಿಟಕಿಯ ಕಡೆ ತಿರುಗಿ ನಿಂತೆ.

ಇಂಥವರು ಕಾರು ಕೊಂಡರೆ ಏನಾಗಬೇಡ? ನನ್ನ ಮಗಳು ಕೆ.ಜಿ. ತರಗತಿಯಲ್ಲಿದ್ದಾಗ ಕೊಂಡ ಕಾರು ಅದು. ಹೊಸ ಕಾರಿನ ಸೀಟುಗಳಿಗೆ ಷೋರೂಮಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಕೊಡುತ್ತಾರಲ್ಲ, ಮನುಷ್ಯರಾದವರು ಪೂಜೆ ಮಾಡಿಸಿ ಒಂದೆರಡು ದಿನ ಬಿಟ್ಟು ಅದನ್ನು ಕಿತ್ತೆಸೆಯುತ್ತಾರೆ. ಭಾವ ಎಸೆಯಲಿಲ್ಲ. “ಪ್ಲಾಸ್ಟಿಕ್ ಆದ್ರೆ ಒರೆಸ್ಲಿಕ್ಕೆ ಸುಲಭ” ಎಂದರು. ನನ್ನ ಮಗಳು ಕೆ.ಜಿ. ಮುಗಿಸಿ, ಶಾಲೆ ಮುಗಿಸಿ, ಕಾಲೇಜಿಗೆ ಹೋಗಿ ನೌಕರಿ ಹಿಡಿದಳು. ಪ್ಲಾಸ್ಟಿಕ್ ಇನ್ನೂ ಅಲ್ಲೇ!

ಮೇ ತಿಂಗಳ ಮುಂಬಯಿಯಲ್ಲಿ ಆ ಸೀಟಿನ ಮೇಲೆ ಕೂತವರೇ ಬಲ್ಲರು. ಕೂತರೆ ಅಂಟುತ್ತದೆ, ಎದ್ದರೆ ಚರ್ರೆಂದು ಕಿತ್ತು ಬರುತ್ತದೆ. ಬಂದದ್ದು ಸೀರೆಯೋ ಚರ್ಮವೋ ಎಂದು ಮನೆಗೆ ಹೋಗಿ ನೋಡಿಕೊಳ್ಳಬೇಕು. ನಮ್ಮ ಜೊತೆ ಸಯನ್ನಿನಲ್ಲೇ ಇರುವ ನನ್ನ ಅತ್ತೆಯವರು ಒಮ್ಮೆ ಆ ಕಾರಿನಿಂದ ಇಳಿದು, “ನಿನ್ನ ಭಾವ ಕಾರು ಕೊಂಡದ್ದೋ, ಪಾರ್ಸೆಲ್ಲಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೂತು ತಿರುಗುದೋ?” ಎಂದರು. ಅತ್ತೆಯವರ ಬಾಯಿಯ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬೆಳಿಗ್ಗೆ ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಮುಂಬಯಿಯ ಆ ತುದಿಯ ದಹಿಸರ್ ತಲುಪುತ್ತದೆ. ದಾರಿಯಲ್ಲಿ ಉಪ್ಪು ಖಾರವೂ ಸೇರಿಕೊಳ್ಳುತ್ತದೆ.

ಹೋದ ವರ್ಷ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ದೊಡ್ಡದೇ. ಆಸ್ಪತ್ರೆಯಿಂದ ಇದೇ ಕಾರಿನಲ್ಲಿ ಮನೆಗೆ ಕರೆದುಕೊಂಡು ಬಂದೆವು. ಹಂಪ್ ಬಂದಾಗಲೆಲ್ಲ ಪ್ಲಾಸ್ಟಿಕ್ ಪರಪರ ಎನ್ನುತ್ತಿತ್ತು. “ಆಸ್ಪತ್ರೆಯ ಮಂಚದ್ದೂ ಇದೇ ಸದ್ದು” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. ಮಾರನೆಯ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಭಾವ ಬಿಲ್ಡಿಂಗಿನ ಕೆಳಗೆ ಕಾರಿನೊಳಗೆ ಅರ್ಧ ದೇಹ ತೂರಿಸಿ ಪ್ಲಾಸ್ಟಿಕ್ ಹರಿಯುತ್ತಿದ್ದರು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕೊನೆಗೂ ಬುದ್ಧಿ ಬಂತಲ್ಲ, ಸದ್ಯ!

ಬುದ್ಧಿ ಬಂದದ್ದು ತಡವಾಗಿತ್ತು. ಅಷ್ಟು ವರ್ಷದ ಮಳೆಗಾಲದ ತೇವವನ್ನೆಲ್ಲ ಆ ಪ್ಲಾಸ್ಟಿಕ್ ಒಳಗೇ ಕೂಡಿಟ್ಟಿತ್ತು. ಕೆಳಗಿನ ಬಟ್ಟೆ ಹೊಸದಾಗಿರುತ್ತದೆಂದು ನೋಡಿದರೆ ಕಪ್ಪಗೆ, ಹಸಿರಾಗಿ, ಬೂಷ್ಟು ಹಿಡಿದು ಕೂತಿದೆ! ವಾಸನೆ ಎಂಥದೆಂದರೆ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ ವಾಚ್‌ಮನ್ ಎದ್ದು ಕುರ್ಚಿ ಸಮೇತ ಗೇಟಿನ ಆಚೆ ಹೋದ. ಮನುಷ್ಯ ಸೀಟನ್ನು ಅಷ್ಟು ಜೋಪಾನ ಮಾಡಿದ್ದು ಯಾರಿಗಾಗಿ? ಬೂಷ್ಟಿಗಾಗಿ!

ಕಾರು ಮೂಲೆ ಸೇರಿತು. ಅದರ ಜೊತೆಗೆ ಅಕ್ಕನೂ ಮೂಲೆ ಸೇರಿದಳು. ಇದು ನನಗೆ ನಿಜವಾಗಿ ಸಂಕಟ ಕೊಟ್ಟ ಸಂಗತಿ. ಆಪರೇಷನ್ನಿಗೆ ಮೊದಲು ಅಕ್ಕ ಮನೆಯಲ್ಲಿ ನಿಲ್ಲುವ ಜೀವವೇ ಅಲ್ಲ. ದಾದರಿನ ಸೀರೆ ಅಂಗಡಿಗಳು, ಮಾಟುಂಗದ ಹೂವಿನವರು, ಭಜನೆ, ಬಾಣಂತಿ, ಬೀಗರೂಟ, ಎಲ್ಲ ಕಡೆಯೂ ಅವಳೇ. ನಾನು ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲಿ ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿ ಬೆಳೆಸಿದವಳು. ಈಗ ಮುಲುಂಡಿನಿಂದ ಸಯನ್ನಿಗೆ ಬಾ ಎಂದರೆ ಮಂಡಿನೋವು. ಗಣಪತಿಗೆ ಬಾ ಎಂದರೆ ತಲೆನೋವು. ಟ್ಯಾಕ್ಸಿ ಕಳಿಸುತ್ತೇನೆ ಎಂದರೆ, “ಬೇರೆಯವರ ಗಾಡಿ ನಂಗೆ ಬೇಡ.” ಲೋಕಲಿನಲ್ಲಿ ಬಾ ಎಂದರೆ ಫೋನೇ ಭಾವನ ಕೈಗೆ ಹೋಗುತ್ತಿತ್ತು. ಭಾವ ಹೇಳುತ್ತಿದ್ದರು: “ನಮ್ಮ ಕಾರಿನ ಸೀಟೊಂದು ಸರಿಯಾಗ್ಲಿ. ಮತ್ತೆ ನಾನೇ ಕರ್ಕೊಂಡು ಬರ್ತೇನೆ.”

ಅಂದರೆ, ನನ್ನ ಅಕ್ಕ ಮನೆಯಲ್ಲಿ ಕೊಳೆಯುತ್ತಿರುವುದು ಈ ಮನುಷ್ಯನ ಕಾರಿನ ಸೀಟಿನ ದೆಸೆಯಿಂದ! ನನಗೆ ಮೈ ಉರಿಯದೆ ಇರುತ್ತದೆಯೇ?

ಅಷ್ಟರಲ್ಲಿ ಮಗಳಿಗೆ ದಹಿಸರಿನಲ್ಲಿ ಗಂಡು ಗೊತ್ತಾಯಿತು. ಮಾತುಕತೆಗೆ ಅಕ್ಕ ಬರಲಿಲ್ಲ. ಭಾವ ಒಬ್ಬರೇ ಬಂದರು. ಬಂದವರು ಹುಡುಗನನ್ನು ನೋಡಲಿಲ್ಲ, ಜಾತಕದ ಮಾತೆತ್ತಲಿಲ್ಲ. ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಜೇಬಿನಿಂದ ಒದ್ದೆ ಬಟ್ಟೆ ತೆಗೆದು, ಬೀಗರ ಸೋಫಾದ ಕೈಯನ್ನು ಉದ್ದಕ್ಕೂ ಒಮ್ಮೆ ಒರೆಸಿದರು! ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಯಜಮಾನರು ಅವಲಕ್ಕಿ ಚೂಡಾದ ತಟ್ಟೆಯಲ್ಲಿ ಮುಖ ಹುದುಗಿಸಿಕೊಂಡರು. ಭಾವ ನನ್ನ ಕಡೆ ಬಾಗಿ, ಎಲ್ಲರಿಗೂ ಕೇಳುವಷ್ಟು ಗುಟ್ಟಾಗಿ ಹೇಳಿದರು: “ಈ ಮನೆಗೆ ಹೆಣ್ಣು ಕೊಡ್ಬಹುದು. ಒಳ್ಳೆ ರೆಕ್ಸಿನ್.” ಆಮೇಲೆ ಬೀಗರನ್ನು ಹಿಡಿದುಕೊಂಡು ಈ ರೆಕ್ಸಿನ್ ಎಲ್ಲಿಂದ ತಂದದ್ದು, ನೀರು ಬಿದ್ದರೆ ಒಳಗೆ ಇಳಿಯುತ್ತದೋ ಇಲ್ಲವೋ ಎಂದು ವಿಚಾರಣೆ. ಬೀಗರು ಪುಣ್ಯಾತ್ಮರು, ನಗುತ್ತಾ ಕುರ್ಲಾದ ಒಂದು ಗಲ್ಲಿಯ ದಾರಿ ಹೇಳಿದರು. ಅಲ್ಲಿ ಸೋಫಾದಿಂದ ಹಿಡಿದು ಕಾರಿನ ಸೀಟಿನವರೆಗೆ ಎಲ್ಲವನ್ನೂ ಹೊಲಿದುಕೊಡುವ ಅಂಗಡಿಗಳು ಸಾಲಾಗಿವೆಯಂತೆ.

ಮದುವೆ ದಹಿಸರಿನ ಹಾಲ್‌ನಲ್ಲಿ ಎಂದು ನಿಶ್ಚಯವಾಯಿತು. ಮಗಳು ಅವತ್ತೇ ದೊಡ್ಡಮ್ಮನಿಗೆ ಫೋನು ಮಾಡಿ, ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕರಾರು ಹಾಕಿದಳು: “ದೊಡ್ಡಮ್ಮ, ನೀವು ಬರ್ಲಿಲ್ಲ ಅಂದ್ರೆ ನಾನು ಮಂಟಪದಲ್ಲಿ ಬೈಠ್ನೇವಾಲಿ ಇಲ್ಲ. ಫೈನಲ್!” ಮಂಟಪದಲ್ಲಿ ಕೂರುವುದೇ ಇಲ್ಲವಂತೆ! ಆ ಕಡೆಯಿಂದ ಭಾವನ ದನಿ ಬಂತು: “ಬರ್ತಾಳೆ ಮಗಾ. ಸೀಟೊಂದು ಆಗ್ಲಿ.”

ಮತ್ತೆ ಸೀಟು!

ಇನ್ನು ಇವರನ್ನು ಇವರಷ್ಟಕ್ಕೆ ಬಿಟ್ಟರೆ ಮೊಮ್ಮಕ್ಕಳ ಮದುವೆಗೂ ಸೀಟು ಆಗುವುದಿಲ್ಲವೆಂದು ನಾನೇ ಜೊತೆಗೆ ಹೊರಟೆ. ಕುರ್ಲಾ ಸ್ಟೇಷನ್ನಿನಲ್ಲಿ ಭೇಟಿ. ಭಾವ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದರು. ಕೈಯಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್. ಪಾಪ, ಮಧ್ಯಾಹ್ನವಾದೀತೆಂದು ನನಗೂ ಊಟ ತಂದಿದ್ದಾರೆ ಎಂದುಕೊಂಡೆ. ಅಂಗಡಿಯವನು ಬಟ್ಟೆಯ ತುಂಡುಗಳನ್ನು ಹರಡಿದ. ವೆಲ್ವೆಟ್ಟಿನಂಥದು, ಜಾಲರಿಯಂಥದು, ಚರ್ಮದಂಥದು. ಭಾವ ಟಿಫಿನ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಸಾಂಬಾರು, ಮಧ್ಯದಲ್ಲಿ ಕಾಫಿ, ಕೆಳಗೆ ಮಜ್ಜಿಗೆ. ಊಟಕ್ಕಲ್ಲ! ಒಂದು ಚಮಚ ತೆಗೆದುಕೊಂಡು, ಪ್ರತಿ ತುಂಡಿನ ಮೇಲೂ ಸಾಂಬಾರು ಹೊಯ್ಯುತ್ತಾ ಹೋದರು!

“ಅರೇ ಅಂಕಲ್! ಯೇ ಕ್ಯಾ ಕರ್ ರಹೇ ಹೋ?” ಅಂಗಡಿಯವನು ಕುರ್ಚಿಯಿಂದ ಹಾರಿದ.

“ರುಕೋ. ಸಾಂಬಾರ್ ಝೂಟ್ ನಹೀಂ ಬೋಲ್ತಾ” ಎಂದರು ಭಾವ, ಗಂಭೀರವಾಗಿ.

ಸಾಂಬಾರು ಸುಳ್ಳು ಹೇಳುವುದಿಲ್ಲವಂತೆ! ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಭಾವ ಗಡಿಯಾರ ನೋಡುತ್ತಾ ಕಾದರು, ಒರೆಸಿದರು, ತುಂಡನ್ನು ಮಗುಚಿ ಹಿಂಬದಿಯನ್ನು ಮುಟ್ಟಿದರು, ಮೂಸಿದರು. ವೆಲ್ವೆಟ್ ಫೇಲ್. ಜಾಲರಿ ಫೇಲ್. ಇನ್ನೊಂದು ಸಾಂಬಾರಿನಲ್ಲಿ ಪಾಸಾಗಿ ಮಜ್ಜಿಗೆಯಲ್ಲಿ ಫೇಲ್. ಹತ್ತಿರದ ಅಂಗಡಿಯವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಯಾರೋ ಒಬ್ಬರು ಇಡ್ಲಿ ಎಲ್ಲಿ ಎಂದು ಕೇಳಿದರು. ಕೊನೆಗೆ ಪಾಸಾದದ್ದು ಕಡು ಕೆಂಪು ಬಣ್ಣದ ದಪ್ಪ ರೆಕ್ಸಿನ್. ಅವರ ಹೋಟೆಲಿನ ಫ್ಯಾಮಿಲಿ ರೂಮಿನ ಬೆಂಚುಗಳಿಗೆ ಹಾಕುತ್ತಿದ್ದದ್ದೂ ಅದೇ! ಇದನ್ನೇ ತರುವುದಿದ್ದರೆ ಇಷ್ಟು ನಾಟಕ ಯಾಕೆ ಬೇಕಿತ್ತು?

ನಾಟಕ ಅಲ್ಲಿಗೇ ಮುಗಿಯಲಿಲ್ಲ. “ಬೀಚ್ ಮೇಂ ಸಿಲಾಯಿ ನಹೀಂ ಮಾಂಗ್ತಾ” ಎಂದು ಹೊಸ ರಾಗ ತೆಗೆದರು. ಸೀಟಿನ ಮಧ್ಯದಲ್ಲಿ ಹೊಲಿಗೆಯೇ ಇರಬಾರದಂತೆ. ಹೊಲಿಗೆ ಇದ್ದಲ್ಲಿ ತೂತು, ತೂತಿದ್ದಲ್ಲಿ ನೀರು ಇಳಿಯುತ್ತದೆ. ಅಂಗಡಿಯವನು ತಲೆ ಚಚ್ಚಿಕೊಂಡ. ಹೊಲಿಗೆ ಇಲ್ಲದಿದ್ದರೆ ಡಿಸೈನ್ ಎಲ್ಲಿಂದ ಬರಬೇಕು, ಅಂದ ಎಲ್ಲಿಂದ ಬರಬೇಕು, ನೀವು ಗಾಡಿಯಲ್ಲಿ ಕೂರುವುದೋ ಊಟ ಮಾಡುವುದೋ ಎಂದು ಅವನ ಪ್ರಶ್ನೆ. ಅವನ ಪ್ರಶ್ನೆಯೇ ನನ್ನದೂ. ಕಾರಿನೊಳಗೆ ಒಂದು ಕಡಲೆಬೀಜ ತಿನ್ನಲು ಬಿಡದ ಮನುಷ್ಯ, ಸೀಟಿನ ಮೇಲೆ ಸಾಂಬಾರಿನ ಪ್ರವಾಹ ಬಂದರೆ ಏನು ಗತಿ ಎಂದು ಚಿಂತೆ ಮಾಡುತ್ತಿದ್ದಾರಲ್ಲ!

ಮೊದಲನೆಯ ಸಲ ಅಂಗಡಿಯವನು ಅವರ ಮಾತು ಕೇಳಲಿಲ್ಲ. ಮಾದರಿಗೆಂದು ಮುಂದಿನ ಎಡಗಡೆಯ ಸೀಟೊಂದನ್ನು ಚೆಂದಕ್ಕೆ ಗೆರೆಗೆರೆಯಾಗಿ ಹೊಲಿದು ಕೊಟ್ಟ. ಭಾವ ಅದಕ್ಕೆ ಒಂದು ಸೌಟು ಸಾಂಬಾರು ಹೊಯ್ದು, ಒರೆಸಿ, ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಒತ್ತಿದರು. ಸಾಂಬಾರು ಚಿಮ್ಮಿ ಬಂತು. “ನೋಡಿದ್ಯಾ? ಒಳಗೆ ಇಳಿದುಂಟು!” ಎಂದು ನನಗೆ ತೋರಿಸಿ, ಏನೋ ಗೆದ್ದವರ ಹಾಗೆ ನಿಂತರು. ಸ್ವಾಮೀ, ಇಳಿದದ್ದು ನಿಮ್ಮದೇ ಸೀಟಿನೊಳಕ್ಕೆ! ಫೋಮಿಗೆ ಹಿಡಿದ ಇಂಗಿನ ವಾಸನೆಗೆ ಆ ರಾತ್ರಿಯೇ ಇರುವೆಗಳು ಬಂದವು. ಬೆಳಿಗ್ಗೆ ಸೊಸೈಟಿಯ ನಾಯಿಗಳು ಬಂದವು. ಆಮೇಲೆ ಸೊಸೈಟಿಯ ಸೆಕ್ರೆಟರಿ ಬಂದರು.

ಮತ್ತೆ ಬಿಚ್ಚಿದ್ದಾಯಿತು, ಮತ್ತೆ ಕುರ್ಲಾ. ಎರಡನೆಯ ಸಲ ಮಧ್ಯದಲ್ಲಿ ಹೊಲಿಗೆಯಿಲ್ಲ, ಆದರೆ ಅಂಚಿನಲ್ಲಿ ಉಂಟು. ಅದೂ ಆಗದು. ಹಿಂದಕ್ಕೆ ಒರಗುವ ಜಾಗ ಮತ್ತು ಕೂರುವ ಜಾಗದ ನಡುವೆ ಸಂದು ಉಂಟು. ಅದೂ ಆಗದು. ಮದುವೆ ಹತ್ತಿರ ಬರುತ್ತಿದೆ, ಛತ್ರದವನು, ಅಡುಗೆಯವನು, ಹೂವಿನವನು ಎಲ್ಲರೂ ಒಪ್ಪಿ ಆಯಿತು. ಒಪ್ಪದೆ ಉಳಿದದ್ದು ಒಂದು ಸೀಟು! ನಾನು ತಡೆಯಲಾರದೆ ಆಹ್ವಾನ ಪತ್ರಿಕೆ ಕೊಡುವ ನೆಪದಲ್ಲಿ ಮುಲುಂಡಿಗೆ ಹೋದೆ, ಜಗಳಕ್ಕೆಂದೇ.

“ಭಾವ, ನಿಮಗೆ ಸೀಟು ಮುಖ್ಯವೋ, ಅಕ್ಕ ಮುಖ್ಯವೋ?”

“ಎಂಥ ಪ್ರಶ್ನೆ ಇದು?”

“ಮತ್ತೇನು! ಒಂದು ಟ್ಯಾಕ್ಸಿ ಹೇಳಿ. ಇಲ್ಲದಿದ್ದರೆ ನಾನೇ ಹೇಳುತ್ತೇನೆ. ಅಕ್ಕನನ್ನು ಕೂರಿಸಿ ಕರೆದುಕೊಂಡು ಹೋಗುತ್ತೇನೆ. ನೀವು ನಿಮ್ಮ ಸೀಟಿಗೆ ಸಾಂಬಾರು ಹೊಯ್ಯುತ್ತಾ ಇಲ್ಲೇ ಇರಿ.”

“ಟ್ಯಾಕ್ಸಿ ಆಗುದಿಲ್ಲ.”

“ಯಾಕೆ ಆಗುವುದಿಲ್ಲ?”

“ಆ ಸೀಟು ಒರೆಸ್ಲಿಕ್ಕೆ ಆಗುದಿಲ್ಲ.”

ಏನು ಹೇಳಬೇಕು ಇಂಥವರಿಗೆ! ನಾನು ಅಡುಗೆಮನೆಯ ಕಡೆ ತಿರುಗಿ, “ಅಕ್ಕಾ, ಕೇಳಿದೆಯಾ ನಿನ್ನ ಗಂಡನ ಮಾತು? ನಾನಾಗಿದ್ದರೆ ಈ ಹುಚ್ಚರನ್ನು ಬಿಟ್ಟು ಎಂದೋ ಓಡಿಹೋಗುತ್ತಿದ್ದೆ” ಎಂದು ಕೂಗಿದೆ. ಅಕ್ಕ ನಮಗೆ ಬೆನ್ನು ಹಾಕಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ತಿರುಗಲಿಲ್ಲ. “ಅವರಿಗೆ ಬೈಬೇಡ್ವೆ” ಎಂದಳು, ಅಷ್ಟೆ. ಭಾವ ತಟ್ಟನೆ ಎದ್ದು ಬಂದು, “ಬೈಲಿ, ಬೈಲಿ. ಅವಳು ಬೈದ್ರೆ ನಂಗೆ ಊಟ ಸೇರ್ತದೆ” ಎಂದು ಜೋರಾಗಿ ನಕ್ಕು, ನಾನು ಕೊಟ್ಟ ಆಹ್ವಾನ ಪತ್ರಿಕೆಯನ್ನೇ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು. ಅಕ್ಷರಗಳೆಲ್ಲ ಕದಡಿಹೋದವು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮದುವೆಗೆ ಒಂದೆರಡು ದಿನವಿರುವಾಗ ಸೀಟು ಕಡೆಗೂ ಪಾಸಾಯಿತು. ಮದುವೆಯ ಬೆಳಿಗ್ಗೆ ಹಾಲ್‌ನ ಬಾಗಿಲಲ್ಲಿ ಆ ಕಾರು ಬಂದು ನಿಂತಾಗ ನಾನು ಪನ್ನೀರು ದಾನಿ ಹಿಡಿದವಳು ಹಾಗೇ ಓಡಿದೆ. ಮುಂದಿನ ಸೀಟಿನಲ್ಲಿ ಹಸಿರು ರೇಷ್ಮೆ ಸೀರೆಯುಟ್ಟು ಅಕ್ಕ! ಎಷ್ಟು ತಿಂಗಳಾಗಿತ್ತು ಅವಳನ್ನು ಹೊರಗೆ ನೋಡಿ. ಸ್ವಲ್ಪ ಸಣ್ಣಗಾಗಿದ್ದಳು. ಇಳಿಯುವಾಗ ಒಮ್ಮೆ ಹಿಂದಕ್ಕೆ ತಿರುಗಿ ತಾನು ಕೂತಿದ್ದ ಸೀಟನ್ನು ನೋಡಿದಳು, ಆಮೇಲೆ ನನ್ನನ್ನು ಅಪ್ಪಿಕೊಂಡಳು. ಮಗಳು ಮಂಟಪದಿಂದಲೇ “ದೊಡ್ಡಮ್ಮಾ!” ಎಂದು ಕೂಗಿ ಪುರೋಹಿತರ ಮಂತ್ರ ನಿಲ್ಲಿಸಿದಳು.

ಧಾರೆ ಮುಗಿದ ಮೇಲೆ ನಾನು ಆ ಪ್ರಸಿದ್ಧ ಸೀಟನ್ನು ನೋಡಲು ಹೋದೆ. ಅದರ ಅವತಾರ ಏನೆಂದು ವರ್ಣಿಸಲಿ! ಅಕ್ಕ ಕೂತಿದ್ದ ಎಡಗಡೆಯ ಸೀಟು ಒಂದೇ ಒಂದು ತುಂಡು ಕೆಂಪು ರೆಕ್ಸಿನ್, ಬೆನ್ನಿನಿಂದ ಅಂಚಿನವರೆಗೆ ಎಲ್ಲೂ ಹೊಲಿಗೆಯಿಲ್ಲ, ಹೋಟೆಲಿನ ಬೆಂಚೊಂದನ್ನು ಬಗ್ಗಿಸಿ ಕಾರಿನೊಳಗೆ ತುರುಕಿದಂತೆ. ಹಿಂದಿನ ಸೀಟುಗಳಿಗೆ ಮಾಮೂಲಿ ಬಟ್ಟೆಯ ಕವರು. ಡ್ರೈವರ್ ಸೀಟಿಗೆ ಏನೂ ಇಲ್ಲ! ಅದೇ ಹಳೆಯ ಬೂಷ್ಟು, ಮೇಲೆ ಒಂದು ಟವೆಲು.

“ಇದೆಂಥದು ಭಾವ? ಒಂದೊಂದು ಸೀಟು ಒಂದೊಂದು ಜಾತಿ?”

“ನಂಗೆ ಟವೆಲ್ ಸಾಕು. ನಿಮಗೆಲ್ಲ ಬಟ್ಟೆ ಸಾಕು.”

“ಹೆಂಡತಿಯ ಕಡೆಯವರೆಂದರೆ ಅಷ್ಟು ಸದರವೇ?”

“ಹೌದು ಮಾರಾಯ್ತಿ” ಎಂದು ಒಪ್ಪಿಕೊಂಡು ಊಟದ ಹಾಲಿನ ಕಡೆ ನಡೆದರು. ಅಲ್ಲಿ ಹೋಗಿ ಬಡಿಸುವವರಿಗೆಲ್ಲ ಸಾರಿನ ಸೌಟು ಹೇಗೆ ಹಿಡಿಯಬೇಕೆಂದು ಪಾಠ ಮಾಡಿ, ಅಡುಗೆಯ ಕಾಂಟ್ರಾಕ್ಟರ್ ಕೈಮುಗಿಯುವವರೆಗೂ ಬಿಡಲಿಲ್ಲ.

ಸಂಜೆ ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟೆವು. ಅತ್ತು ಮುಖ ಊದಿತ್ತು. ಯಜಮಾನರು ಪಾತ್ರೆ ಪರಡಿಗಳ ಜೊತೆ ಟೆಂಪೋದಲ್ಲಿ ಹೋದರು. ನಾನು ಮತ್ತು ಅತ್ತೆಯವರು ಭಾವನ ಕಾರಿನ ಹಿಂದೆ ಕೂತೆವು, ಅಕ್ಕ ಮುಂದೆ. ಹೈವೇ ಸೇರಿದ ಸ್ವಲ್ಪ ಹೊತ್ತಿಗೇ ಟ್ರಾಫಿಕ್ ನಿಂತಿತು. ಸುಮ್ಮನೆ ನಿಲ್ಲಲಿಲ್ಲ, ಬೇರು ಬಿಟ್ಟಿತು. ಮುಂದೆ ಬಸ್ಸು, ಹಿಂದೆ ಟ್ರಕ್ಕು, ಪಕ್ಕದಲ್ಲಿ ರಿಕ್ಷಾಗಳ ಗದ್ದಲ. ಅತ್ತೆಯವರು ಬೀಗರ ಕಡೆಯ ಒಬ್ಬೊಬ್ಬರ ಸೀರೆಯನ್ನೂ ವಿಮರ್ಶೆ ಮಾಡುತ್ತಿದ್ದರು. ಅಕ್ಕ ಮೊದಮೊದಲು ಹೂಂಗುಟ್ಟುತ್ತಿದ್ದಳು. ಆಮೇಲೆ ಬಾಗಿಲ ಹಿಡಿಯನ್ನು ಅವಳು ಬಿಗಿಯಾಗಿ ಹಿಡಿದಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಬೆರಳು ಬಿಳಿಚಿಕೊಂಡಿತ್ತು. ಕುತ್ತಿಗೆಯಲ್ಲಿ ಬೆವರು. ಒಮ್ಮೆ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆ ಕೆಳಗೆ ಹಾಕಿದಳು.

ಭಾವ ಅವಳ ಕಡೆ ಒಮ್ಮೆ ನೋಡಿದರು. ಒಮ್ಮೆ ಮಾತ್ರ. ಮತ್ತೆ ಬಾಟಲಿ ಇಡುವ ಜಾಗದಿಂದ ಮಜ್ಜಿಗೆಯ ದೊಡ್ಡ ಸ್ಟೀಲ್ ಲೋಟ ತೆಗೆದು, ಮುಚ್ಚಳ ಬಿಚ್ಚಿ, ತುಂಬಿದ ಲೋಟವನ್ನು ಹಾಗೇ ಅಕ್ಕನ ಮಡಿಲಿಗೆ ಮಗುಚಿದರು.

“ಅಯ್ಯಯ್ಯೋ! ನನ್ನ ಕೈಗೆ ಎಂಥ ಬಂತು! ಜಾರಿಯೇ ಹೋಯ್ತಲ್ಲ!”

“ರೇಷ್ಮೆ ಸೀರೆ! ಅಯ್ಯೋ ದೇವರೇ, ರೇಷ್ಮೆ ಸೀರೆ!” ಅತ್ತೆಯವರ ಕೂಗಿಗೆ ಪಕ್ಕದ ರಿಕ್ಷಾದವನು ತಿರುಗಿ ನೋಡಿದ.

ಮಜ್ಜಿಗೆ ಸೀರೆಯ ಮೇಲೆ, ಸೀಟಿನ ಮೇಲೆ, ಕಾಲ ಕೆಳಗೆ ಎಲ್ಲ ಕಡೆ ಹರಿಯುತ್ತಿತ್ತು. ಎಲ್ಲಿ ಏನು ಒದ್ದೆಯಾಗಿದೆ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಅಕ್ಕ ಕಣ್ಣು ಬಿಟ್ಟು ಗಂಡನ ಮುಖ ನೋಡಿದಳು. ನಾನೂ ನೋಡಿದೆ. ಕಾರು ನಿಂತೇ ಇತ್ತು, ಒಂದಿಷ್ಟೂ ಅಲುಗಿರಲಿಲ್ಲ. ಘಾಟ್ಕೋಪರಿನ ನೂಕುನುಗ್ಗಲಲ್ಲಿ ಒಂದು ಹನಿ ಚೆಲ್ಲದ ಕೈ ಅದು. ಅದು ಜಾರುವ ಕೈಯೇ ಅಲ್ಲ.

ಆಗ ನನಗೆ ಅರ್ಥವಾಯಿತು. ಆಪರೇಷನ್ ಆದ ಮೇಲೆ ಅಕ್ಕನಿಗೆ ಮೂತ್ರದ ಹಿಡಿತ ತಪ್ಪಿದೆ. ಅದಕ್ಕೇ ಟ್ಯಾಕ್ಸಿ ಬೇಡ, ಲೋಕಲ್ ಬೇಡ, ನನ್ನ ಮನೆಯ ಸೋಫಾ ಕೂಡ ಬೇಡ. ಸ್ವಂತ ತಂಗಿಗೂ ಹೇಳಲಾರದೆ ಬಾಗಿಲು ಹಾಕಿಕೊಂಡು ಕೂತವಳನ್ನು ಈ ಮನುಷ್ಯ ಹೊರಗೆ ತರಲು ನೋಡುತ್ತಿದ್ದರು. ಕುರ್ಲಾದ ಗಲ್ಲಿಯಲ್ಲಿ, ಬೀಗರ ಮನೆಯಲ್ಲಿ, ನಮ್ಮೆಲ್ಲರ ಮುಂದೆ ಸಾಂಬಾರು ಹುಚ್ಚನಾಗಿ ಕುಣಿದದ್ದು, ಹೊಲಿಗೆಯಿಲ್ಲದ ಸೀಟು ಯಾಕೆ ಎಂದು ಯಾರೂ ಇನ್ನೊಮ್ಮೆ ಯೋಚಿಸದಿರಲಿ ಎಂದು.

ಭಾವ ಕಾರನ್ನು ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. “ಇಲ್ಲೇ ನಮ್ಮ ಪರಿಚಯದವರ ಹೋಟೆಲ್ ಉಂಟು. ಒಳಗೆ ಹೋಗಿ ಸೀರೆ ಬದಲಾಯಿಸ್ಬಹುದು” ಎಂದು ಸೀಟಿನ ಕೆಳಗಿನಿಂದ ಒಂದು ಚೀಲ ತೆಗೆದರು. ಅದರಲ್ಲಿ ಅಕ್ಕನ ಕಾಟನ್ ಸೀರೆ ಮಡಚಿ ಇಟ್ಟಿತ್ತು. ಅಕ್ಕ ಚೀಲ ತೆಗೆದುಕೊಂಡು ಒಳಗೆ ಹೋದಳು. ಭಾವ ಹಿಂದಿನ ಜೇಬಿನಿಂದ ಒದ್ದೆ ಬಟ್ಟೆ ತೆಗೆದು ಸೀಟಿನ ಮೇಲಿನಿಂದ ಕೆಳಗೆ ಉದ್ದಕ್ಕೆ ಎಳೆದರು. ಎಲ್ಲ ಹೋಯಿತು. ಇನ್ನೊಮ್ಮೆ ಒಣಬಟ್ಟೆ ಎಳೆದರು. ಸೀಟು ಹೊಸದರ ಹಾಗೆ ಹೊಳೆಯಿತು.

“ಎಂಥ ಗಂಡಸಪ್ಪ ಇದು! ಒಂದು ಲೋಟ ಸರಿಯಾಗಿ ಹಿಡಿಯಲಿಕ್ಕೆ ಬರುದಿಲ್ಲ” ಎಂದು ಅತ್ತೆಯವರು ನನ್ನ ಕಡೆ ತಿರುಗಿದರು. ನಾಳೆ ಬೆಳಿಗ್ಗೆ ಇದು ದಹಿಸರ್ ತಲುಪುತ್ತದೆ. ಮಜ್ಜಿಗೆ ಚೆಲ್ಲಿದ ಕಥೆ, ಮಜ್ಜಿಗೆಯದು ಮಾತ್ರ. ಭಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಯಾವಾಗಲೂ ಬೈಯುವ ನಾನು ಬಾಯಿ ಮುಚ್ಚಿ ಕೂತಿರುವುದನ್ನು ಕಂಡು ಅವರ ಮುಖದಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು.

ಬಟ್ಟೆ ಬದಲಾಯಿಸಿ ಅಕ್ಕ ಹೋಟೆಲಿನ ಮೆಟ್ಟಿಲಿಳಿದು ಬರುತ್ತಿದ್ದಳು. ನಾನು ಕಣ್ಣೊರೆಸಿಕೊಂಡು, ಅವಳಿಗೂ ಅತ್ತೆಯವರಿಗೂ ಸರಿಯಾಗಿ ಕೇಳುವ ಹಾಗೆ ಶುರುಮಾಡಿದೆ: “ಭಾವ, ಒಂದು ಹನಿ ಬೀಳುವುದಿಲ್ಲ ಎಂದು ಊರಿಡೀ ಸಾರಿಕೊಂಡು ಬರುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ ನಿಮಗೆ? ಸಪ್ಲಾಯರ್ ಅಂತೆ, ಮ್ಯಾನೇಜರ್ ಅಂತೆ! ನನ್ನ ಅಕ್ಕನ ರೇಷ್ಮೆ ಸೀರೆ ಹಾಳು ಮಾಡಿದಿರಲ್ಲ!”

“ಹೇಳು, ಹೇಳು, ಇನ್ನೂ ಹೇಳು” ಎಂದರು ಭಾವ. ಅವರ ಮುಖ ಅರಳಿತು.

ಸಯನ್ ಬರುವ ತನಕ ಬೈದೆ. ನಡುನಡುವೆ ದನಿ ನಡುಗಿತು. ಸಿಟ್ಟಿಗೆ ಎಂದುಕೊಂಡರು ಅತ್ತೆಯವರು. ಮುಂದಿನ ಸೀಟಿನಲ್ಲಿ ಅಕ್ಕ ಬಾಗಿಲ ಹಿಡಿಯಿಂದ ಕೈ ತೆಗೆದು, ಆ ಕೆಂಪು ರೆಕ್ಸಿನ್ನಿಗೆ ಬೆನ್ನು ಕೊಟ್ಟು, ಕಿಟಕಿಯಿಂದಾಚೆ ಅಂಗಡಿಗಳ ದೀಪಗಳನ್ನು ನೋಡುತ್ತಾ ಆರಾಮವಾಗಿ ಕೂತಿದ್ದಳು.